ಡಂಗುರದ ಹಲಗೆಯಿಂದ ಅಂಗೈಯ ಫೋನಿನವರೆಗೆ

(ಜಮಖಂಡಿ ತಾಲೂಕಿನ ಹುನ್ನೂರಿನಲ್ಲಿ ಈಚೆಗೆ ರೈತರು, ನೇಕಾರರು ಹಾಗೂ ಸ್ವಸಹಾಯ ಸಂಘಗಳ ಮಹಿಳೆಯರು ಸೇರಿದ್ದ ಸಭೆಯಲ್ಲಿ ನಮ್ಮ ಸಿಬ್ಬಂದಿ ವರದಿಗಾರ ಆಡಿದ ಮಾತುಗಳ ಬರಹ ರೂಪ.)



ವೇದಿಕೆ ಹತ್ತಿ ಮಾತನಾಡುವುದು ನನ್ನ ಕಸುಬಲ್ಲ. ವೇದಿಕೆಯ ಕೆಳಗೆ ಪತ್ರಿಕೆಯವರಿಗೆಂದು ಹಾಕಿದ ಕುರ್ಚಿಯಲ್ಲಿ ಕುಳಿತು, ಮೇಲಿದ್ದವರು ಆಡಿದ್ದನ್ನು ಬರೆದುಕೊಳ್ಳುವುದು ನನ್ನ ಕಸುಬು. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಈ ಕೆಲಸಕ್ಕೆ ಸೇರಿದವನು ನಾನು. ಇಲ್ಲಿರುವ ಹಲವರ ಮಗನ ವಯಸ್ಸಿನವನು. ಆದ್ದರಿಂದ ಉಪದೇಶ ಮಾಡುವ ಧೈರ್ಯ ನನಗಿಲ್ಲ. ಕಂಡದ್ದನ್ನು, ಓದಿದ್ದನ್ನು, ಸ್ವತಃ ಮಾಡಿ ಕೈ ಸುಟ್ಟುಕೊಂಡದ್ದನ್ನು ಹೇಳುತ್ತೇನೆ.

ಸಭೆ ಆರಂಭವಾಗುವ ಮುಂಚೆ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆ. ಒಬ್ಬ ತಾಯಿ ಹತ್ತಿರ ಬಂದು ಕೇಳಿದರು: “ತಮ್ಮಾ, ನಾವು ಹತ್ತು ಮಂದಿ ಹೆಣಮಕ್ಕಳು ಸೇರಿ ಕಡಕ್ ರೊಟ್ಟಿ ಬಡಿತೀವಿ. ಶೇಂಗಾ ಹಿಂಡಿ, ಅಗಸಿ ಹಿಂಡಿ ಕುಟ್ಟತೀವಿ. ಫೋನಿನ್ಯಾಗ ಹಾಕಿದ್ರ ಪುಣೆ, ಬೆಂಗಳೂರಿನವ್ರೂ ತಗೋತಾರಂತ, ಖರೇನ?” ನಾನು ಖರೆ ಎಂದೆ. ಅವರು ಅಷ್ಟಕ್ಕೆ ಬಿಡಲಿಲ್ಲ. “ಮತ್ತ ನಮ್ಮ ಹುಡುಗ ಹಾಕಿ ಒಂದು ತಿಂಗಳಾತು. ಎಲ್ಲಾರೂ ಹೆಬ್ಬೆಟ್ಟು ಒತ್ತಾಕತ್ತಾರ, ರೊಟ್ಟಿ ಮಾತ್ರ ಯಾರೂ ಕೇಳವಲ್ರು” ಎಂದರು.

ನಾನು ಬರೆದುಕೊಂಡು ಬಂದಿದ್ದ ಭಾಷಣವನ್ನು ಆ ಮಾತು ಕೇಳಿದ ಮೇಲೆ ಜೇಬಿನಲ್ಲೇ ಇಟ್ಟುಕೊಂಡೆ. ಮೆಚ್ಚುವವರು ಇಷ್ಟೊಂದು ಜನ, ಕೊಳ್ಳುವವರು ಒಬ್ಬರೂ ಇಲ್ಲ, ಇದು ಏಕೆ ಹೀಗೆ? ಇವತ್ತು ಆ ಪ್ರಶ್ನೆಯನ್ನೇ ಹಿಡಿದು ಮಾತನಾಡೋಣ. ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕಾಗುತ್ತದೆ.

ಹಲಗೆಯ ದನಿ

ನಮ್ಮ ಹಳ್ಳಿಗಳಲ್ಲಿ ಸುದ್ದಿ ಸಾರುವ ಪದ್ಧತಿ ಎಂದರೆ ಡಂಗುರ. ಹಲಗೆ ಬಾರಿಸುವವನು ಅಗಸಿಯಲ್ಲಿ ಒಮ್ಮೆ, ಚಾವಡಿಯ ಮುಂದೆ ಒಮ್ಮೆ, ಗುಡಿಯ ಕಟ್ಟೆಯ ಬಳಿ ಒಮ್ಮೆ ನಿಂತು ಕೂಗುತ್ತಿದ್ದ. ನಾಳೆ ಕಂದಾಯ ಕಟ್ಟುವ ದಿನ, ನಾಡಿದ್ದು ವಾರ ಬಿಡುವುದು, ಇಂಥವರ ಎಮ್ಮೆ ಕಳೆದಿದೆ, ಹೀಗೆ. ಹಿರಿಯರಿಗೆ ಇದು ನೆನಪಿರಬಹುದು. ಆ ಕೆಲಸದ ಭಾರವನ್ನು ಊರು ಒಂದೇ ಕೇರಿಯ ಹೆಗಲಿಗೆ ಹೊರಿಸಿತ್ತು ಎಂಬುದನ್ನು ಮಾತ್ರ ಮರೆಯಬಾರದು. ಡಂಗುರವನ್ನು ಹಳೆಯ ಕಾಲದ ಸೊಗಸು ಎಂದು ಹೊಗಳುವುದಕ್ಕೆ ನಾನು ಸಿದ್ಧನಿಲ್ಲ.

ಆದರೆ ಆ ಪದ್ಧತಿಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಸಾರುವವನು ಯಾರ ಅಪ್ಪಣೆಯಂತೆ ಸಾರುತ್ತಿದ್ದೇನೆ ಎಂಬುದನ್ನು ಮೊದಲು ಹೇಳುತ್ತಿದ್ದ. ಗೌಡರದೋ ಪಂಚರದೋ ದೈವದವರದೋ, ಒಂದು ಹೆಸರು ಇರುತ್ತಿತ್ತು. ಕೇಳಿದವರಿಗೆ ಅನುಮಾನ ಬಂದರೆ ಅಲ್ಲೇ ನಿಲ್ಲಿಸಿ ಕೇಳಬಹುದಿತ್ತು. ಸುಳ್ಳು ಸಾರಿದರೆ ಮರುದಿನ ಅವನ ಮನೆ ಎಲ್ಲಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಇವತ್ತು ಬೆಳಿಗ್ಗೆ ನಿಮ್ಮ ಫೋನಿಗೆ ಬಂದ ಸಂದೇಶಗಳಲ್ಲಿ ಎಷ್ಟಕ್ಕೆ ಇಂಥ ಹೆಸರಿತ್ತು? ಸುಮ್ಮನೆ ಕೇಳುತ್ತಿದ್ದೇನೆ, ಉತ್ತರ ಹೇಳಬೇಕಾಗಿಲ್ಲ.

ಪ್ರಚಾರದ ಇನ್ನೊಂದು ವಿದ್ಯೆಯನ್ನು ನಮ್ಮ ಭಾಗಕ್ಕೆ ಕಲಿಸಿದವು ನಾಟಕ ಕಂಪನಿಗಳು. ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸಾಲಾಗಿ ಕಂಪನಿಗಳ ಥಿಯೇಟರುಗಳು ನಿಲ್ಲುತ್ತವೆ. ಮೈಕು ಕಟ್ಟಿದ ಗಾಡಿ ಊರೂರು ಸುತ್ತುತ್ತದೆ, ಬಣ್ಣದ ಕರಪತ್ರಗಳು ಗಾಳಿಯಲ್ಲಿ ಹಾರುತ್ತವೆ, ಹುಡುಗರು ಗಾಡಿಯ ಹಿಂದೆ ಓಡುತ್ತಾರೆ. “ಇದೇ ಕೊನೆಯ ಪ್ರಯೋಗ” ಎಂದು ಸಾರಿದ ಮರುದಿನವೇ “ಪ್ರೇಕ್ಷಕರ ಒತ್ತಾಯದ ಮೇರೆಗೆ ಇನ್ನೊಂದು ಪ್ರಯೋಗ” ಎಂಬ ಘೋಷಣೆ ಬರುತ್ತದೆ. ಜನರಿಗೂ ಇದು ಗೊತ್ತು, ಕಂಪನಿಯವರಿಗೂ ಇದು ಗೊತ್ತು. ಎರಡೂ ಕಡೆಯವರು ನಕ್ಕು ಒಪ್ಪಿಕೊಂಡ ಸುಳ್ಳು ಅದು. ಟಿಕೇಟು ಮಾರಾಟವಾಗುವುದು ಆ ಸುಳ್ಳಿನಿಂದ ಅಲ್ಲ. ನಿನ್ನೆ ನಾಟಕ ನೋಡಿ ಬಂದ ಪಕ್ಕದ ಮನೆಯವನು ಚಹಾದಂಗಡಿಯಲ್ಲಿ ಕುಳಿತು ಇಡೀ ಕಥೆ ಹೇಳುತ್ತಾನಲ್ಲ, ಅದರಿಂದ.

ಈ ವಿದ್ಯೆಯನ್ನು ನಮ್ಮ ರಾಜ್ಯದ ಸರ್ಕಾರಿ ಕಾರ್ಖಾನೆಯೊಂದು ಶತಮಾನದ ಹಿಂದೆಯೇ ಕರಗತ ಮಾಡಿಕೊಂಡಿತ್ತು. 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಹಾಗೂ ದಿವಾನ ವಿಶ್ವೇಶ್ವರಯ್ಯನವರ ಆಸಕ್ತಿಯಿಂದ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆ ಆರಂಭವಾಯಿತು. ಸಾಬೂನು ತಯಾರಿಕೆ ಕಲಿಯಲು ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ಮುಂದೆ ಅವರಿಗೆ ‘ಸೋಪ್ ಶಾಸ್ತ್ರಿ’ ಎಂಬ ಹೆಸರೇ ಬಂತು. ಉಳಿದ ಸಾಬೂನುಗಳು ಚೌಕಾಕಾರದಲ್ಲಿದ್ದ ಕಾಲದಲ್ಲಿ ಮೈಸೂರು ಸ್ಯಾಂಡಲ್ ಅಂಡಾಕಾರದಲ್ಲಿ, ಒಡವೆಯ ಪೆಟ್ಟಿಗೆಯನ್ನು ಹೋಲುವ ಡಬ್ಬಿಯಲ್ಲಿ ಬಂತು. ಟ್ರಾಮ್ ಟಿಕೇಟುಗಳ ಮೇಲೆ, ಬೆಂಕಿಪೊಟ್ಟಣಗಳ ಮೇಲೆ ಅದರ ಜಾಹೀರಾತು ಅಚ್ಚಾಯಿತು. ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯನ್ನೇ ಮಾಡಿದರಂತೆ. ಒಂಟೆಯ ಮೆರವಣಿಗೆ ನೋಡಿ ಒಮ್ಮೆ ಕೊಂಡವನು ಎರಡನೆಯ ಸಲ ಕೊಂಡದ್ದು ಮಾತ್ರ ಗಂಧದೆಣ್ಣೆಯ ಪರಿಮಳಕ್ಕಾಗಿ.

ನಮ್ಮ ಪಕ್ಕದ ಮುಧೋಳದ ನಾಯಿಯ ಕಥೆಯೂ ಪ್ರಚಾರದ ಕಥೆಯೇ. ಮುಧೋಳ ಸಂಸ್ಥಾನದ ಘೋರ್ಪಡೆ ಅರಸರು ಈ ತಳಿಯ ಒಂದು ಜೋಡಿಯನ್ನು ಬ್ರಿಟನ್ನಿನ ದೊರೆ ಐದನೆಯ ಜಾರ್ಜ್‌ಗೆ ಉಡುಗೊರೆ ಕೊಟ್ಟರು, ಅಲ್ಲಿಂದ ಊರಿನ ಹೆಸರು ನಾಯಿಗೆ ಅಂಟಿಕೊಂಡಿತು ಎಂದು ಹೇಳುತ್ತಾರೆ. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರವಿರುವ ಅಂಚೆಚೀಟಿ ತಂದಿತು. 2020ರ ಆಗಸ್ಟ್ 30ರಂದು ಪ್ರಧಾನಿಯವರು ಬಾನುಲಿಯ ‘ಮನ್ ಕೀ ಬಾತ್’ನಲ್ಲಿ ಅದರ ಹೆಸರು ಹೇಳಿದರು. ಹೆಸರು ಹೀಗೆ ದೊಡ್ಡದಾದಾಗ ಹೆಸರಿನಡಿಯಲ್ಲಿ ಬೇರೆಯದನ್ನು ಮಾರುವ ಆಸೆಯೂ ಹುಟ್ಟುತ್ತದೆ. ಫೋಟೋ ನೋಡಿ ಮರಿ ಕೊಳ್ಳುವವರಿಗೆ ಶುದ್ಧ ತಳಿ ಯಾವುದು, ಬೆರಕೆ ಯಾವುದು ಎಂದು ತಿಳಿಯುವುದು ಸುಲಭವಲ್ಲ. ತಿಮ್ಮಾಪುರದಲ್ಲಿ ಈ ತಳಿಗೆಂದೇ ಸಂಶೋಧನಾ ಕೇಂದ್ರವಿದೆ. ಕೊಳ್ಳುವವರು ಅಲ್ಲಿ ವಿಚಾರಿಸಿ ಕೊಳ್ಳುವುದು ಮೇಲು.

ಬಾಳೆಕಾಯಿಯ ಹುಡಿ

ಈಗ ಫೋನಿಗೆ ಬರೋಣ. ವಾಟ್ಸಾಪ್ ಹುಟ್ಟಿದ್ದು 2009ರಲ್ಲಿ. ನಮ್ಮ ಹಳ್ಳಿಗಳಿಗೆ ಅದು ನಿಜವಾಗಿ ಬಂದದ್ದು 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಡೇಟಾ ಅಗ್ಗವಾದ ಮೇಲೆ. ಅಲ್ಲಿಯವರೆಗೆ ಪೇಟೆಯವರ ಆಟಿಕೆಯಂತಿದ್ದದ್ದು ಹೊಲದ ಬದುವಿಗೂ ಬಂತು.

ಈ ಮಾಧ್ಯಮವನ್ನು ವಿವೇಕದಿಂದ ಬಳಸಿದ್ದಕ್ಕೆ ಒಂದು ಉದಾಹರಣೆ ಕೊಡಿ ಎಂದು ಯಾರಾದರೂ ಕೇಳಿದರೆ ನಾನು ಬೆಂಗಳೂರಿನ ದೊಡ್ಡ ಕಂಪನಿಗಳ ಕಡೆ ನೋಡುವುದಿಲ್ಲ. ಬಾಳೆಕಾಯಿಯ ಕಡೆ ಕೈ ತೋರಿಸುತ್ತೇನೆ. ದಕ್ಷಿಣ ಕನ್ನಡದ ಪುತ್ತೂರಿನಿಂದ 1988ರಿಂದ ‘ಅಡಿಕೆ ಪತ್ರಿಕೆ’ ಎಂಬ ಮಾಸಿಕ ಹೊರಡುತ್ತದೆ. ಕೃಷಿಕರ ಕೈಗೆ ಲೇಖನಿ ಕೊಡುವುದು ಅದರ ಧೋರಣೆ. ರೈತನ ಅನುಭವವನ್ನು ರೈತನೇ ಬರೆಯಬೇಕು ಎಂಬುದು ಅದರ ಅರ್ಥ. ಅದರ ಸಂಪಾದಕ ಬಳಗದ ಶ್ರೀಪಡ್ರೆಯವರು ಕಾಸರಗೋಡು ಜಿಲ್ಲೆಯ ಪಡ್ರೆಯವರು, ಕೇರಳದ ನೆಲದಲ್ಲಿದ್ದು ಕನ್ನಡದಲ್ಲಿ ಬರೆಯುವವರು.

2021ರಲ್ಲಿ ಕೋವಿಡ್‌ನ ಎರಡನೆಯ ಅಲೆ. ಮಾರುಕಟ್ಟೆಗಳು ಮುಚ್ಚಿದವು. ಬಾಳೆಗೊನೆಗೆ ಕೇಳುವವರಿಲ್ಲ. ಹಣ್ಣಾದರೆ ಎರಡು ದಿನದಲ್ಲಿ ಕೊಳೆಯುವ ವಸ್ತು ಅದು. ಆಗ ಕೃಷಿಕರ ಒಂದು ವಾಟ್ಸಾಪ್ ಗುಂಪಿನಲ್ಲಿ ಬಾಳೆಕಾಯಿಯನ್ನು ಹೆಚ್ಚಿ, ಒಣಗಿಸಿ, ಪುಡಿ ಮಾಡಿ ಇಟ್ಟುಕೊಳ್ಳುವ ವಿಚಾರ ಚರ್ಚೆಗೆ ಬಂತು. ಬಾಳೆಕಾಯಿ ಹುಡಿ ಎಂಬುದರ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ‘ಬಾಕಾಹು’ ಎಂದು ಹೆಸರಿಟ್ಟರು. ಕೇಳಿದರೆ ನಗು ಬರುವ ಹೆಸರು, ಮರೆಯುವ ಹೆಸರಂತೂ ಅಲ್ಲ. ಉತ್ತರ ಕನ್ನಡ, ದಕ್ಷಿಣ ಕನ್ನಡ, ತುಮಕೂರು ಕಡೆಯ ಹೆಣ್ಣುಮಕ್ಕಳು ಅಡುಗೆಮನೆಯಲ್ಲಿ ಪ್ರಯೋಗ ಆರಂಭಿಸಿದರು. ಒಬ್ಬರು ದೋಸೆ ಮಾಡಿ ಫೋಟೋ ಹಾಕಿದರೆ ಇನ್ನೊಬ್ಬರು ಗುಲಾಬ್ ಜಾಮೂನು ಮಾಡಿ ಹಾಕಿದರು. ಆ ವರ್ಷದ ಜುಲೈ ಹೊತ್ತಿಗೆ ಸುದ್ದಿ ಪ್ರಧಾನಿಯವರ ‘ಮನ್ ಕೀ ಬಾತ್’ವರೆಗೆ ಹೋಯಿತು.

ಇದರಲ್ಲಿ ಜಾಹೀರಾತು ಎಲ್ಲಿತ್ತು ಎಂದು ಹುಡುಕಿದರೆ ಸಿಗುವುದಿಲ್ಲ. ‘ನಮ್ಮ ಪುಡಿ ಕೊಳ್ಳಿ’ ಎಂಬಲ್ಲಿಂದ ಆರಂಭವಾದ ಕೆಲಸವಲ್ಲ ಅದು. ನಮ್ಮ ಮನೆಯ ಬಾಳೆಕಾಯಿ ಹೀಗೆ ಹಾಳಾಗುತ್ತಿದೆ, ನಾವು ಹೀಗೆ ಮಾಡಿ ನೋಡಿದೆವು, ನೀವೂ ಮಾಡಿ ನೋಡಿ ಎಂಬಲ್ಲಿಂದ ಆರಂಭವಾದದ್ದು. ಹೇಗೆ ಮಾಡುವುದು ಎಂದು ಎಲ್ಲರಿಗೂ ತಿಳಿಸಿಕೊಟ್ಟರೆ ನಮ್ಮಿಂದ ಕೊಳ್ಳುವವರು ಯಾರು ಎಂಬ ಭಯ ವ್ಯಾಪಾರಿಗೆ ಸಹಜ. ಆದರೆ ಮಾಡಲು ಪುರುಸೊತ್ತಿಲ್ಲದ ಪೇಟೆಯವರು, ಮಾಡುವವರು ಯಾರು ಎಂದು ತಿಳಿದ ಮೇಲೆ, ಅವರನ್ನೇ ಹುಡುಕಿಕೊಂಡು ಬರುತ್ತಾರೆ.

ನಮ್ಮ ರೊಟ್ಟಿಯ ತಾಯಿಯ ಹುಡುಗ ಹಾಕಿದ್ದ ಫೋಟೋವನ್ನು ನಾನು ನೋಡಿದೆ. ಅಡ್ಡಿಯಿಲ್ಲ, ಚೆನ್ನಾಗಿದೆ. ಕೆಂಪು ಅಕ್ಷರದಲ್ಲಿ ‘ಉತ್ತರ ಕರ್ನಾಟಕದ ಸ್ಪೆಷಲ್ ರೊಟ್ಟಿ’ ಎಂದು ಬರೆದಿದೆ, ಹಿಂದೆ ಹಾಡು ಬರುತ್ತದೆ. ಬೆಲೆ ಎಷ್ಟು, ಯಾರು ಮಾಡಿದ್ದು, ಯಾವ ಊರು, ಜೋಳದ್ದೋ ಸಜ್ಜೆಯದೋ, ಎಷ್ಟು ದಿನ ಇರುತ್ತದೆ, ಯಾರಿಗೆ ಫೋನು ಮಾಡಬೇಕು, ಒಂದೂ ಇಲ್ಲ. ಹಾಡು ಕೇಳಿದವರು ಹಾಡಿಗೆ ಹೆಬ್ಬೆಟ್ಟು ಒತ್ತಿ ಮುಂದೆ ಹೋಗಿದ್ದಾರೆ. ಅವರ ತಪ್ಪೇನಿದೆ?

ನನ್ನ ಬಂಗಾರದ ಬೆಲ್ಲ

ಹುಡುಗನನ್ನು ಬೈಯುವ ಹಕ್ಕು ನನಗಿಲ್ಲ. ಅವನಿಗಿಂತ ದೊಡ್ಡ ಪ್ರಮಾದ ನಾನು ಮಾಡಿದ್ದೇನೆ.

ನಮ್ಮ ಕಾಕಾನದು ಘಟಪ್ರಭಾ ದಂಡೆಯ ಕಡೆ ಬೆಲ್ಲದ ಗಾಣ. ಮಹಾಲಿಂಗಪುರದ ಬೆಲ್ಲದ ಪೇಟೆ ನಿಮಗೆಲ್ಲ ಗೊತ್ತು. ಅಲ್ಲಿ ಹಳದಿ ಬಣ್ಣದ ಪೆಂಟಿಗೆ ಬರುವ ದರ ಕಂದು ಬಣ್ಣದ ಪೆಂಟಿಗೆ ಬರುವುದಿಲ್ಲ. ಆದ್ದರಿಂದಲೇ ಕುದಿಯುವ ಕೊಪ್ಪರಿಗೆಗೆ ಹೈಡ್ರೋಸ್ ಎಂಬ ಬಿಳಿ ಪುಡಿ ಹಾಕುವ ಅಭ್ಯಾಸ ಬೆಳೆಯಿತು. ಅದು ಬಣ್ಣ ತೆಗೆಯುವ ರಾಸಾಯನಿಕ. ಹಾಕಿದ ಕೂಡಲೇ ಬೆಲ್ಲ ಹೊಳೆಯುತ್ತದೆ, ಕೆಲವು ತಿಂಗಳು ಇಟ್ಟರೆ ಮತ್ತೆ ಕಪ್ಪಾಗುತ್ತದೆ. ಕಾಕಾ ಅದನ್ನು ಬಿಟ್ಟರು. ಸುಣ್ಣದ ತಿಳಿ, ಬೆಂಡಿಗಿಡದ ಲೋಳೆರಸ ಹಾಕಿ ಹೊಲಸು ತೆಗೆಯುವ ಹಳೆಯ ಕ್ರಮಕ್ಕೆ ಮರಳಿದರು. ಬೆಲ್ಲ ಕಂದಾಯಿತು, ಪೇಟೆಯಲ್ಲಿ ದರ ಇಳಿಯಿತು. ಆಗ ನಾನು ಮುಂದೆ ಬಂದೆ. ಓದಿದ ಹುಡುಗ, ಪತ್ರಿಕೆಯಲ್ಲಿ ಕೆಲಸ ಬೇರೆ. “ಕಾಕಾ, ಪೇಟೆ ಬಿಡು. ನಾನು ಇನ್‌ಸ್ಟಾಗ್ರಾಮಿನ್ಯಾಗ ಮಾರಿ ಕೊಡತೀನಿ” ಎಂದೆ.

ಫೋಟೋ ತೆಗೆದೆ. ಬೆಲ್ಲ ಕಪ್ಪಗೆ ಕಂಡಿತು. ಫೋನಿನಲ್ಲಿ ಒಂದು ಸೌಲಭ್ಯವಿದೆ, ಬೆರಳಿನಿಂದ ಎಳೆದರೆ ಚಿತ್ರ ಬೆಳ್ಳಗಾಗುತ್ತದೆ. ಎಳೆದೆ. ಬೆಲ್ಲ ಬಂಗಾರವಾಯಿತು. ಕೆಳಗೆ ‘ರಾಸಾಯನಿಕ ಮುಕ್ತ’ ಎಂದು ಬರೆದೆ. ಒಂದೇ ವಾರದಲ್ಲಿ ನಲವತ್ತು ಕಿಲೋಗೆ ಬೇಡಿಕೆ ಬಂತು. ಕಾಕಾ ಖುಷಿಯಾದರು, ನಾನು ಕಾಲರ್ ಏರಿಸಿಕೊಂಡು ತಿರುಗಿದೆ.

ಡಬ್ಬಿಗಳು ತಲುಪಿದ ಮೇಲೆ ಫೋನುಗಳು ಬರತೊಡಗಿದವು. ಹುಬ್ಬಳ್ಳಿಯಿಂದ ಒಬ್ಬ ಅಜ್ಜಿಯವರು ಮಾಡಿದ್ದನ್ನು ಮರೆಯಲಾರೆ. “ಫೋಟೋದಾಗ ಬಂಗಾರದಂಗ ಐತಿ, ಡಬ್ಬಿ ತಗದ್ರ ಕರ್ರಗ ಐತಿ. ಹಳೀ ಮಾಲು ಕಳಿಸೀಯೇನೋ ತಮ್ಮಾ?” ನಾನು ರಾಸಾಯನಿಕ, ಬೆಂಡಿರಸ ಎಂದೆಲ್ಲ ವಿವರಿಸಿದೆ. ಅವರು ಸಮಾಧಾನದಿಂದ ಕೇಳಿದರು. ಕೊನೆಗೆ, “ಬೆಲ್ಲ ಖರೇ ಇರಬಹುದು. ಆದ್ರ ನೀ ಫೋಟೋದಾಗ ಸುಳ್ಳು ಹೇಳಿದ ಮ್ಯಾಲ ಬೆಲ್ಲದ ಮಾತು ನಾ ಹೆಂಗ ನಂಬಲಿ?” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಜನರಿಗೆ ಹಣ ಮರಳಿ ಕೊಟ್ಟೆವು. ಕಾಕಾ ನನಗೆ ಒಂದು ಮಾತೂ ಅನ್ನಲಿಲ್ಲ, ಅದು ಬೈದದ್ದಕ್ಕಿಂತ ಹೆಚ್ಚಾಯಿತು. ಆ ಸಲದ ಉಳಿದ ಬೆಲ್ಲವನ್ನು ಅವರು ಮತ್ತೆ ಪೇಟೆಗೇ ಒಯ್ದರು.

ಮುಂದಿನ ಹಂಗಾಮಿನಲ್ಲಿ ನಾನು ಗಾಣದಲ್ಲಿ ಒಂದು ದಿನ ಪೂರ್ತಿ ಕುಳಿತೆ. ಕಬ್ಬು ಅರೆಯುವುದು, ಹೊಲಸು ನೊರೆಯಾಗಿ ಮೇಲೆ ಬರುವುದು, ಬೆಂಡಿಗಿಡ ಜಜ್ಜುವುದು, ಪಾಕ ಹದಕ್ಕೆ ಬರುವುದು, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಚಿತ್ರಿಸಿದೆ. ಎರಡು ಪೆಂಟಿಗಳನ್ನು ಅಕ್ಕಪಕ್ಕ ಇಟ್ಟು, ಪೇಟೆಯ ಹಳದಿ ಇದು, ನಮ್ಮ ಕಂದು ಇದು, ನಾವು ಕಳಿಸುವುದು ಕಂದು, ಹಳದಿ ಬೇಕಾದವರು ದಯವಿಟ್ಟು ನಮ್ಮಲ್ಲಿ ಕೊಳ್ಳಬೇಡಿ ಎಂದು ಕಾಕಾನ ಬಾಯಿಂದಲೇ ಹೇಳಿಸಿದೆ. ಹಾಡು ಹಾಕಲಿಲ್ಲ. ನೋಡಿದವರು ಮೊದಲಿಗಿಂತ ಕಡಿಮೆ. ಬೇಡಿಕೆ ನಿಧಾನವಾಗಿ ಬಂತು, ಮರಳಿ ಬಂದ ಡಬ್ಬಿ ಮಾತ್ರ ಒಂದೂ ಇಲ್ಲ. ಹುಬ್ಬಳ್ಳಿಯ ಅಜ್ಜಿಯವರಿಗೆ ಒಂದು ಪೆಂಟಿ ಪುಕ್ಕಟೆ ಕಳಿಸಿದೆವು. ಅವರು ದುಡ್ಡು ಕಳಿಸಿ, ಇನ್ನೆರಡು ಬೇಕೆಂದರು.

ರಬಕವಿ-ಬನಹಟ್ಟಿಯಿಂದ ಬಂದ ನೇಕಾರ ಅಣ್ಣಂದಿರು ಇಲ್ಲಿ ಕುಳಿತಿದ್ದೀರಿ. ನಿಮ್ಮ ಸೀರೆಗೂ ಇದೇ ಮಾತು. ಫೋನಿನ ಕ್ಯಾಮೆರಾ ಬಣ್ಣ ಬದಲಿಸುತ್ತದೆ, ಟ್ಯೂಬ್‌ಲೈಟಿನ ಕೆಳಗೆ ಇನ್ನಷ್ಟು ಬದಲಿಸುತ್ತದೆ. ಬೆಳಗಿನ ಬಿಸಿಲಿನ ನೆರಳಲ್ಲಿ ತೆಗೆಯಿರಿ, ಸೆರಗಿನ ಪಕ್ಕ ಕೈ ಇಟ್ಟು ತೆಗೆಯಿರಿ, ಅಳತೆ ತಿಳಿಯುತ್ತದೆ. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದು ಎಂದು ಬರೆಯಬೇಡಿ. ಪವರ್‌ಲೂಮಿನ ಸೀರೆಗೂ ಅದರದೇ ಗಿರಾಕಿ ಇದ್ದಾರೆ. ಕೈಮಗ್ಗಕ್ಕೆಂದು 2006ರಲ್ಲೇ ಕೇಂದ್ರ ಸರ್ಕಾರ ಪ್ರತ್ಯೇಕ ಗುರುತು ತಂದಿದೆ. ಅದು ಇರುವವರು ಆ ಗುರುತಿನ ಫೋಟೋವನ್ನೂ ಹಾಕಿರಿ.

ಸಿಟ್ಟಿನ ಮಾರುಕಟ್ಟೆ

ಇಲ್ಲಿ ಪ್ರೀತಿ ಹರಡುವುದಕ್ಕಿಂತ ವೇಗವಾಗಿ ಸಿಟ್ಟು ಹರಡುತ್ತದೆ. 2023ರ ಏಪ್ರಿಲ್ 5ರಂದು ಗುಜರಾತಿನ ಅಮುಲ್ ಸಂಸ್ಥೆ, ಬೆಂಗಳೂರಿಗೆ ತನ್ನ ಹಾಲು ಮೊಸರು ಬರಲಿದೆ ಎಂದು ಟ್ವಿಟರಿನಲ್ಲಿ ಒಂದು ಸಾಲು ಪ್ರಕಟಿಸಿತು. ವ್ಯಾಪಾರದ ದೃಷ್ಟಿಯಿಂದ ಅದು ಮಾಮೂಲು ಪ್ರಕಟಣೆ. ಆದರೆ ಅದಕ್ಕೆ ಒಂದು ವಾರ ಮುಂಚೆಯಷ್ಟೇ ಮೊಸರಿನ ಪೊಟ್ಟಣದ ಮೇಲೆ ‘ದಹಿ’ ಎಂದು ಅಚ್ಚು ಹಾಕಿಸುವ ವಿವಾದ ಎದ್ದು ತಣ್ಣಗಾಗಿತ್ತು. ವಿಧಾನಸಭಾ ಚುನಾವಣೆಗೆ ತಿಂಗಳೊಂದು ಬಾಕಿ ಇತ್ತು. ಒಂದು ಸಾಲು ಸಾಕಾಯಿತು. ‘ನಂದಿನಿ ಉಳಿಸಿ’ ಎಂಬ ಕೂಗು ರಾಜ್ಯವನ್ನೆಲ್ಲ ಸುತ್ತಿತು, ಬೆಂಗಳೂರಿನ ಹೋಟೆಲು ಮಾಲೀಕರು ನಂದಿನಿ ಹಾಲನ್ನೇ ಬಳಸುವುದಾಗಿ ಘೋಷಿಸಿದರು. ಕೇಳುವವರ ಮನಸ್ಸು ಇವತ್ತು ಹೇಗಿದೆ ಎಂದು ನೋಡದೆ ಹಲಗೆ ಬಾರಿಸಿದರೆ ಹೀಗಾಗುತ್ತದೆ.

2025ರ ಮೇ ತಿಂಗಳಲ್ಲಿ ಅದೇ ಮೈಸೂರು ಸ್ಯಾಂಡಲ್ ಸಾಬೂನಿಗೆ ನಟಿ ತಮನ್ನಾ ಭಾಟಿಯಾ ಅವರನ್ನು ಎರಡು ವರ್ಷಕ್ಕೆ 6.2 ಕೋಟಿ ರೂಪಾಯಿಗೆ ರಾಯಭಾರಿಯಾಗಿ ನೇಮಿಸಿದ ಸುದ್ದಿ ಬಂದಾಗಲೂ ಜಾಲತಾಣಗಳು ಕುದಿದವು. ಕನ್ನಡದವರು ಸಿಗಲಿಲ್ಲವೇ ಎಂದು ಜನ ಕೇಳಿದರು. ನಮ್ಮ ಪಕ್ಕದ ವಿಜಯಪುರ ಜಿಲ್ಲೆಯವರೇ ಆದ ಕೈಗಾರಿಕಾ ಸಚಿವ ಎಂ.ಬಿ. ಪಾಟೀಲರು, ರಾಜ್ಯದ ಹೊರಗಿನ ಮಾರುಕಟ್ಟೆಗಾಗಿ ಮಾಡಿದ ಆಯ್ಕೆ ಇದು ಎಂದು ಅದೇ ಜಾಲತಾಣದಲ್ಲಿ ಉತ್ತರ ಕೊಡಬೇಕಾಯಿತು. ಯಾರದು ಸರಿ ಎಂಬ ತೀರ್ಪು ನನಗೆ ಬೇಕಿಲ್ಲ. ಉತ್ತರ ಮೊದಲೇ ಹೇಳಿದ್ದರೆ ಅದು ವಿವರಣೆಯಾಗುತ್ತಿತ್ತು, ಆಮೇಲೆ ಹೇಳಿದ್ದರಿಂದ ಸಮಜಾಯಿಷಿಯಾಯಿತು ಎಂದಷ್ಟೇ ನನಗನಿಸುತ್ತದೆ.

ಇವು ಹಾಲು, ಸಾಬೂನಿನ ಮಾತು. ಈಗ ಹೇಳುವುದು ಜೀವದ ಮಾತು. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

2012ರ ಆಗಸ್ಟಿನಲ್ಲಿ, ವಾಟ್ಸಾಪ್ ಇನ್ನೂ ಎಲ್ಲರ ಕೈಗೆ ಬಂದಿರದ ಕಾಲದಲ್ಲಿ, ಈಶಾನ್ಯ ರಾಜ್ಯಗಳವರ ಮೇಲೆ ಹಲ್ಲೆಯಾಗಲಿದೆ ಎಂಬ ಎಸ್ಸೆಮ್ಮೆಸ್ಸುಗಳು ಬೆಂಗಳೂರಿನಲ್ಲಿ ಹರಡಿದವು. ಸಾವಿರಾರು ಜನ ಕೆಲಸ ಬಿಟ್ಟು, ಗಂಟು ಕಟ್ಟಿಕೊಂಡು ಗುವಾಹಟಿಯ ರೈಲು ಹತ್ತಿದರು. ವಿಶೇಷ ರೈಲುಗಳನ್ನೇ ಬಿಡಬೇಕಾಯಿತು. ಒಬ್ಬರು ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸಬಾರದು ಎಂದು ಕೇಂದ್ರ ಸರ್ಕಾರ ದೇಶಕ್ಕೇ ಮಿತಿ ಹಾಕಿತು.

ಆರು ವರ್ಷದ ನಂತರ, 2018ರ ಜುಲೈ 13. ಬೀದರ ಜಿಲ್ಲೆಯ ಔರಾದ ತಾಲೂಕಿನ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಗೆಳೆಯರ ಗುಂಪೊಂದು ಕಾರಿನಲ್ಲಿ ಆ ಕಡೆ ಬಂದಿತ್ತು. ದಾರಿಯಲ್ಲಿ ಒಂದು ಊರಿನ ಬಳಿ ನಿಂತಾಗ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ನಮ್ಮ ಮಕ್ಕಳಿಗೆ ಯಾರಾದರೂ ಚಾಕೊಲೇಟ್ ಕೊಟ್ಟರೆ ನಾವು ಏನೆನ್ನಬೇಕು? ಆದರೆ ಆ ತಿಂಗಳುಗಳಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಿಡಿಯೋಗಳು ದೇಶದ ತುಂಬ ಓಡಾಡುತ್ತಿದ್ದವು. ಯಾರೋ ಇವರ ಚಿತ್ರ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರು. ಕಾರು ಮುಂದಿನ ಊರು ಮುಟ್ಟುವ ಮುಂಚೆ ಸುದ್ದಿ ಮುಟ್ಟಿತ್ತು. ಮುರ್ಕಿಯಲ್ಲಿ ಜನ ಅಡ್ಡ ನಿಂತರು. ಬಿಡಿಸಲು ಹೋದ ಪೊಲೀಸರಿಗೂ ಗಾಯಗಳಾದವು. ಗುಂಪಿನಲ್ಲಿದ್ದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಆ ಹೊಡೆತಕ್ಕೆ ಸತ್ತರು. ಅನಂತರ ವಾಟ್ಸಾಪ್ ಗುಂಪಿನ ಅಡ್ಮಿನ್ ಸೇರಿದಂತೆ ಹಲವರನ್ನು ಪೊಲೀಸರು ಬಂಧಿಸಿದರು.

ಅಲ್ಲಿ ಕಲ್ಲು ಹಿಡಿದವರು ವೃತ್ತಿಯ ಕೊಲೆಗಡುಕರಲ್ಲ. ನಮ್ಮ ನಿಮ್ಮಂತೆ ಹೊಲಮನೆ ಮಾಡಿಕೊಂಡಿದ್ದವರು. ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದೇ ಅವರು ನಂಬಿದ್ದರು. ಅದನ್ನು ನೆನೆದಾಗ ನನಗೆ ಹೆಚ್ಚು ಭಯವಾಗುತ್ತದೆ. ಅದೇ ತಿಂಗಳು ವಾಟ್ಸಾಪ್ ಸಂಸ್ಥೆ ಭಾರತದಲ್ಲಿ ಒಂದು ಸಂದೇಶವನ್ನು ಏಕಕಾಲಕ್ಕೆ ಐದು ಕಡೆಗಿಂತ ಹೆಚ್ಚು ಮುಂದೂಡದಂತೆ ಮಿತಿ ಹಾಕುವುದಾಗಿ ಘೋಷಿಸಿತು. ಮುಂದೂಡಿದ ಸಂದೇಶದ ಮೇಲೆ ಬಾಣದ ಗುರುತು ಬರುವುದೂ ಆಗಿನಿಂದಲೇ. ಬಹಳ ಕೈ ದಾಟಿ ಬಂದದ್ದಕ್ಕೆ ಎರಡು ಬಾಣ ಇರುತ್ತವೆ. 2020ರ ಏಪ್ರಿಲಿನಿಂದ ಅಂಥದ್ದನ್ನು ಒಂದು ಸಲಕ್ಕೆ ಒಂದೇ ಕಡೆ ಕಳಿಸಬಹುದು. ಎರಡು ಬಾಣ ಕಂಡರೆ, ಹಲಗೆ ಇದೆ, ಬಾರಿಸಿದವನು ಯಾರೆಂದು ಗೊತ್ತಿಲ್ಲ ಎಂದು ತಿಳಿಯಿರಿ. ಊರಿನ ಗುಂಪಿಗೆ ನೀವು ಅಡ್ಮಿನ್ ಆಗಿದ್ದರೆ, ಅಂಥದ್ದನ್ನು ಅಳಿಸಿ ಹಾಕುವ ಅಧಿಕಾರ ನಿಮಗಿದೆ. ಹಾಕಿದವನು ಭಾವಮೈದುನನಾಗಿದ್ದರೂ ಅಳಿಸಿರಿ.

ಬಾಡಿಗೆಯ ಅಂಗಡಿ

ಇನ್ನು ಕೆಲವು ಕೆಲಸದ ಮಾತುಗಳು, ಬೇಗ ಹೇಳಿ ಮುಗಿಸುತ್ತೇನೆ. ಹಸಿವಾಗಿರುವುದು ನಿಮ್ಮ ಮುಖದಲ್ಲೇ ಕಾಣುತ್ತಿದೆ.

ಜಾಲತಾಣದ ಅಂಗಡಿ ನಿಮ್ಮ ಸ್ವಂತದ್ದಲ್ಲ, ಬಾಡಿಗೆಯದು. 2020ರ ಜೂನ್ 29ರಂದು ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿ 59 ಆ್ಯಪ್‌ಗಳನ್ನು ನಿಷೇಧಿಸಿತು. ಲಕ್ಷಗಟ್ಟಲೆ ಜನ ನೋಡುತ್ತಿದ್ದ ನಮ್ಮ ಭಾಗದ ಹುಡುಗರು ಬೆಳಗಾಗುವುದರೊಳಗೆ ನೋಡುಗರಿಲ್ಲದೆ ಕುಳಿತರು. ಬೆಂಗಳೂರಿನಲ್ಲೇ ಹುಟ್ಟಿ ಕನ್ನಡದಲ್ಲೂ ನಡೆಯುತ್ತಿದ್ದ ‘ಕೂ’ ಜಾಲತಾಣ 2024ರ ಜುಲೈನಲ್ಲಿ ಬಾಗಿಲು ಹಾಕಿತು. ಆದ್ದರಿಂದ ಕೊಂಡವರ ಹೆಸರು, ಊರು, ಫೋನ್ ನಂಬರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದ ಬರೆದಿಡಿ. ಅವರನ್ನು ಕೇಳದೆ ಆ ನಂಬರುಗಳನ್ನು ಒಂದು ಗುಂಪಿಗೆ ತುಂಬಿಸಬೇಡಿ. ಗುಂಪಿನಲ್ಲಿ ಒಬ್ಬರ ನಂಬರು ಎಲ್ಲರಿಗೂ ಕಾಣುತ್ತದೆ, ಹೆಣ್ಣುಮಕ್ಕಳಿಗೆ ಅದರಿಂದ ಆಗುವ ಕಿರಿಕಿರಿ ನಿಮಗೆ ಗೊತ್ತೇ ಇದೆ. ವಾಟ್ಸಾಪಿನಲ್ಲಿ ಬ್ರಾಡ್‌ಕಾಸ್ಟ್ ಎಂಬ ವ್ಯವಸ್ಥೆಯಿದೆ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ. ಗಿರಾಕಿ ನಿಮ್ಮ ನಂಬರನ್ನು ಇಟ್ಟುಕೊಂಡಿದ್ದಾನೆ ಎಂಬುದೇ ಒಂದು ಸಾವಿರ ಹೆಬ್ಬೆಟ್ಟಿಗೆ ಸಮ.

ತಿನ್ನುವ ಪದಾರ್ಥ ಮಾರುವವರು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಮಾಡಿಸಬೇಕು, ಆ ನಂಬರನ್ನು ಪೊಟ್ಟಣದ ಮೇಲೆ ಹಾಕಬೇಕು. ಹಣ ಕೊಟ್ಟು ಯಾರಿಂದಲಾದರೂ ನಿಮ್ಮ ಮಾಲನ್ನು ಹೊಗಳಿಸಿದರೆ, ಇದು ಹಣ ಪಡೆದು ಮಾಡಿದ ಜಾಹೀರಾತು ಎಂದು ಅವರು ಸ್ಪಷ್ಟವಾಗಿ ಹೇಳಬೇಕೆಂದು 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಹತ್ತು ಲಕ್ಷ ರೂಪಾಯಿವರೆಗೆ ದಂಡವಿದೆ. ನನ್ನ ಬಂಗಾರದ ಬೆಲ್ಲವೂ ಆ ಸಾಲಿಗೆ ಸೇರುತ್ತಿತ್ತೋ ಏನೋ.

ಇನ್ನೊಂದು. “ನಾವು ಮಿಲಿಟರಿಯವರು, ಐದುನೂರು ರೊಟ್ಟಿ ಬೇಕು, ಮುಂಗಡ ಕಳಿಸುತ್ತೇವೆ, ಈ ಚೌಕ ಸ್ಕ್ಯಾನ್ ಮಾಡಿ ಪಿನ್ ಹಾಕಿ” ಎಂದು ಯಾರಾದರೂ ಫೋನು ಮಾಡಿದರೆ ಕೂಡಲೇ ಇಟ್ಟುಬಿಡಿ. ಹಣ ಪಡೆಯುವುದಕ್ಕೆ ಪಿನ್ ಬೇಕಾಗಿಲ್ಲ. ಕೊಡುವುದಕ್ಕೆ ಮಾತ್ರ ಬೇಕು. ಮೋಸ ಹೋದರೆ ನಾಚಿಕೊಂಡು ಕೂಡದೆ ತಡಮಾಡದೆ 1930ಕ್ಕೆ ಫೋನು ಮಾಡಿರಿ.

ಈಗ ನಮ್ಮ ರೊಟ್ಟಿಯ ತಾಯಿಯ ಬಳಿ ಬರೋಣ. ಚಹಾ ಮುಗಿಯುವುದರೊಳಗೆ ನಾವಿಬ್ಬರೂ ಅವರ ಹುಡುಗನನ್ನು ಕೂಡಿಸಿಕೊಂಡು ಒಂದು ಸಂದೇಶ ಬರೆದೆವು. ಹುನ್ನೂರಿನ ಹತ್ತು ಜನ ಹೆಣ್ಣುಮಕ್ಕಳು ಬಡಿದ ಬಿಳಿಜೋಳದ ಕಡಕ್ ರೊಟ್ಟಿ. ಇಂಥ ದಿನ ಬಡಿದದ್ದು, ಇಷ್ಟು ದಿನ ಇರುತ್ತದೆ. ಒಂದು ಕಟ್ಟಿಗೆ ಇಷ್ಟು ರೊಟ್ಟಿ, ಇಷ್ಟು ದರ, ಅಂಚೆಯ ಖರ್ಚು ಬೇರೆ. ಈ ನಂಬರಿಗೆ ಫೋನು ಮಾಡಿ, ಮಧ್ಯಾಹ್ನ ಎರಡರ ಮೇಲೆ, ಅದಕ್ಕೆ ಮುಂಚೆ ಒಲೆಯ ಮುಂದೆ ಇರುತ್ತೇವೆ. ಕೊನೆಯ ಸಾಲು ತಾಯಿಯವರೇ ಸೇರಿಸಿದ್ದು. ಇಡೀ ಸಂದೇಶದಲ್ಲಿ ಅದೇ ಚೆನ್ನಾಗಿದೆ.

ಆದರೆ ಕಳಿಸುವ ಗುಂಡಿ ಒತ್ತುವ ಹೊತ್ತಿಗೆ ಅವರಿಗೆ ಒಂದು ಸಂಶಯ ಬಂತು. “ಅಲ್ಲೋ ತಮ್ಮಾ, ಪುಣೆ ಮುಟ್ಟೂದ್ರೊಳಗ ರೊಟ್ಟಿ ಮುರದು ನುಚ್ಚಾದ್ರ?” ಎಂದರು. ಅವರ ಮಗಳು ಪುಣೆಯಲ್ಲೇ ಇದ್ದಾಳಂತೆ. ಮೊದಲು ಅವಳಿಗೆ ಇಪ್ಪತ್ತೈದು ರೊಟ್ಟಿಯ ಒಂದು ಕಟ್ಟು ಕಳಿಸುವುದು, ಎಷ್ಟು ಮುರಿದಿವೆ ಎಂದು ಅವಳು ಎಣಿಸಿ ಹೇಳುವುದು, ಅಲ್ಲಿಯವರೆಗೆ ಸಂದೇಶವನ್ನು ಹುಡುಗನ ಫೋನಿನಲ್ಲೇ ಇಡುವುದು ಎಂದು ಮಾತಾಗಿದೆ. ನಾಳೆ ಬೆಳಿಗ್ಗೆ ಕಟ್ಟು ಜಮಖಂಡಿಯ ಅಂಚೆ ಕಚೇರಿಗೆ ಹೋಗುತ್ತದೆ.